ಸೋಟೋಗೆ 76.5 ಕೋಟಿ ಡಾಲರ್ ಕೊಟ್ಟಿದ್ದು ಸರಿಯಾ? ಮೆಟ್ಸ್ ಖರ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅನ್ನುವ ಬೇಸ್‌ಬಾಲ್ ತಂಡ ಹುವಾನ್ ಸೋಟೋನನ್ನು ತೆಗೆದುಕೊಂಡಿತು. ಅವತ್ತಿನಿಂದ ನನಗೆ ಇವೇ ಪ್ರಶ್ನೆಗಳು ಬರುತ್ತಿವೆ. ಮಕ್ಕಳ ಲಿಟಲ್ ಲೀಗ್ ಪಂದ್ಯದ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಭಾನುವಾರ ಊಟಕ್ಕೆ ಬಂದ, ಇದೇ ಊರಿನ ಇನ್ನೊಂದು ತಂಡ ಯಾಂಕೀಸ್‌ನ ಅಭಿಮಾನಿ ಗೆಳೆಯರು ಕೇಳುತ್ತಾರೆ. ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದರೂ ಮೊದಲು ಇದನ್ನೇ ಕೇಳುತ್ತಾನೆ. ನಾನು ಮೆಟ್ಸ್ ಕಡೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕವನ್ನು ಮಾತ್ರ ಇದ್ದ ಹಾಗೆ ಕೊಟ್ಟಿದ್ದೇನೆ.

ಯಾರು ಈ ಸೋಟೋ? ಅಷ್ಟು ದೊಡ್ಡ ಆಟಗಾರನಾ?

ಹೌದು. ಊರು ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟೋ ಡೊಮಿಂಗೋ. ಹುಟ್ಟಿದ್ದು 1998ರ ಅಕ್ಟೋಬರ್‌ನಲ್ಲಿ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ವರ್ಲ್ಡ್ ಸೀರೀಸ್ (ವರ್ಷದ ಕಪ್ ಯಾರಿಗೆ ಅಂತ ತೀರ್ಮಾನಿಸುವ ಫೈನಲ್ ಸರಣಿ) ಗೆದ್ದಾಗ ಆ ತಂಡದ ಮುಖ್ಯ ಬ್ಯಾಟರ್‌ಗಳಲ್ಲಿ ಒಬ್ಬ. ಆ ಸರಣಿ ನಡೆಯುವಾಗಲೇ ಅವನಿಗೆ 21 ತುಂಬಿತು.

ಕ್ರಿಕೆಟ್ ನೋಡಿ ಬೆಳೆದವರಿಗೆ ಸೋಟೋ ಬೇಗ ಇಷ್ಟ ಆಗುತ್ತಾನೆ ಅಂತ ನನಗೆ ಅನಿಸುತ್ತದೆ. ಅವನ ದೊಡ್ಡ ಶಕ್ತಿ ಚೆಂಡು ಬಿಡುವುದರಲ್ಲಿದೆ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ನಮ್ಮ ದ್ರಾವಿಡ್ ಹೇಗೆ ಬಿಡುತ್ತಿದ್ದರು, ನೆನಪಿದೆಯಲ್ವಾ? ಅದೇ ತಾಳ್ಮೆ ಇವನಲ್ಲೂ ಇದೆ. ಹೊಡೆಯುವ ಜಾಗದಿಂದ ಒಂದು ಬೆರಳು ಆಚೆ ಹೋದರೂ ಬ್ಯಾಟ್ ಅಲ್ಲಾಡಿಸುವುದಿಲ್ಲ. ಬಿಟ್ಟಮೇಲೆ ಕಾಲು ಎಳೆದು ಒಂದು ಕುಣಿತ ಬೇರೆ, ಪಿಚರ್‌ನ, ಅಂದರೆ ಚೆಂಡು ಎಸೆಯುವವನ ಮುಖವನ್ನೇ ನೋಡುತ್ತಾ. ಕೊನೆಗೆ ಪಿಚರ್ ಬೇರೆ ದಾರಿ ಇಲ್ಲದೆ ಒಳಗೆ ಹಾಕುತ್ತಾನೆ. ಆಗ ಚೆಂಡು ಗ್ಯಾಲರಿಗೆ ಹೋಗುತ್ತದೆ. 2025ರಲ್ಲಿ 43 ಹೋಮ್‌ರನ್ (ನಮ್ಮ ಸಿಕ್ಸರ್ ತರ) ಹೊಡೆದ. ಚೆಂಡು ಬಿಟ್ಟು ಬಿಟ್ಟು 127 ಸಲ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದ.

ಒಪ್ಪಂದದಲ್ಲಿ ಏನೇನಿದೆ?

15 ವರ್ಷ, 76.5 ಕೋಟಿ ಡಾಲರ್. ಆಗಿನ ದರದಲ್ಲಿ ಸುಮಾರು 6,500 ಕೋಟಿ ರೂಪಾಯಿ. ಇದರಲ್ಲಿ 7.5 ಕೋಟಿ ಡಾಲರ್ ಸಹಿ ಹಾಕಿದ್ದಕ್ಕೆ ಕೊಡುವ ಬೋನಸ್. ಮುಂದಕ್ಕೆ ತಳ್ಳಿದ ದುಡ್ಡು ಒಂದು ಪೈಸೆಯೂ ಇಲ್ಲ. ವರ್ಷಕ್ಕೆ ಸರಾಸರಿ 5.1 ಕೋಟಿ ಡಾಲರ್ ಆಗುತ್ತದೆ.

ಬೇಸ್‌ಬಾಲ್‌ನಲ್ಲಿ ಒಪ್ಪಂದ ಅಂದರೆ ಪೂರ್ತಿ ಖಾತ್ರಿ ಇರುವಂಥದ್ದು. ಫಾರ್ಮ್ ಹೋದರೂ, ಮೊಣಕೈ ಕೆಟ್ಟರೂ, ತಂಡ ಬೇಡ ಅಂದರೂ ದುಡ್ಡು ಕೊಡಲೇಬೇಕು. ಅದಕ್ಕೇ ಇಲ್ಲಿ ಒಂದು ಸಹಿ ಬಗ್ಗೆ ಹತ್ತು ವರ್ಷ ಜಗಳ ನಡೆಯುತ್ತದೆ.

ಫ್ರೀ ಏಜೆಂಟ್ ಅಂದರೆ ಐಪಿಎಲ್ ಹರಾಜಿನ ತರಾನಾ?

ಅಲ್ಲ, ಮತ್ತು ಈ ವ್ಯತ್ಯಾಸ ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಕ್ಕೂ ಒಂದೇ ಗಾತ್ರದ ಪರ್ಸ್. 2025ರ ಆವೃತ್ತಿಗೆ ಅದು 120 ಕೋಟಿ ರೂಪಾಯಿ ಇತ್ತು. ರಿಷಭ್ ಪಂತ್‌ಗೆ ಲಖನೌ 27 ಕೋಟಿ ಕೂಗಿತು, ಪಂತ್ ಲಖನೌಗೆ ಹೋದರು. ಯಾವ ತಂಡ ಅಂತ ಅವರು ಆರಿಸಲಿಲ್ಲ, ಸುತ್ತಿಗೆ ಆರಿಸಿತು.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಪರ್ಸಿಗೆ ಮಿತಿ ಇಲ್ಲ. ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿಸಿದ ಮೇಲೆ, ಒಪ್ಪಂದ ಬಾಕಿ ಇಲ್ಲದಿದ್ದರೆ, ಯಾರ ಜೊತೆ ಬೇಕಾದರೂ ಮಾತಾಡಬಹುದು. ಅದುವೇ ಫ್ರೀ ಏಜೆನ್ಸಿ. ಜಾಸ್ತಿ ಕೊಟ್ಟವರನ್ನು ಬಿಟ್ಟು ಕಡಿಮೆ ಕೊಟ್ಟವರ ಹತ್ತಿರ ಹೋಗುವುದಕ್ಕೂ ಅವನಿಗೆ ಸ್ವಾತಂತ್ರ್ಯವಿದೆ.

ಆದರೆ ಆ ಮೊದಲ ಆರು ವರ್ಷ ಇದೆಯಲ್ಲ, ಅದು ಕಠಿಣ. ಶುರುವಿನಲ್ಲಿ ಆಟಗಾರ ಹೆಚ್ಚುಕಡಿಮೆ ಕನಿಷ್ಠ ಸಂಬಳಕ್ಕೇ ಆಡುತ್ತಾನೆ. 2025ರಲ್ಲಿ ಆ ಕನಿಷ್ಠ 7.6 ಲಕ್ಷ ಡಾಲರ್. ನಮಗೆ ದೊಡ್ಡದೇ. ಆದರೆ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್‌ನನ್ನು ನೋಡಿ. 2025ರಲ್ಲಿ ಅವನು ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಆ ವರ್ಷದ ಅವನ ಸಂಬಳ 10 ಲಕ್ಷ ಡಾಲರ್ ಕೂಡ ಮುಟ್ಟಿರಲಿಲ್ಲ. ಸೋಟೋಗೆ ಸಿಕ್ಕಿದ್ದು ಜಾಸ್ತಿ ಅನ್ನುವವರು ಸ್ಕೀನ್ಸ್‌ಗೆ ಸಿಕ್ಕಿದ್ದು ಎಷ್ಟು ಕಡಿಮೆ ಅನ್ನುವುದನ್ನೂ ಜೊತೆಗೆ ಇಟ್ಟು ನೋಡಬೇಕು.

ಈ ಹಕ್ಕು ಮೊದಲಿನಿಂದಲೂ ಇತ್ತಾ?

ಇರಲಿಲ್ಲ. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಬಳದ ಬಗ್ಗೆ ಕೋಪ ಬಂದಾಗ ನಾನು ನೆನಪಿಸಿಕೊಳ್ಳುವ ಕಥೆ ಇದು.

1970ರ ದಶಕದ ನಡುವಿನವರೆಗೆ ಪ್ರತಿ ಒಪ್ಪಂದದಲ್ಲೂ ರಿಸರ್ವ್ ಕ್ಲಾಜ್ ಅಂತ ಒಂದು ಷರತ್ತು ಇರುತ್ತಿತ್ತು. ಒಪ್ಪಂದ ಮುಗಿದರೂ ಆಟಗಾರ ಅದೇ ತಂಡದ ಸ್ವತ್ತು. ತಂಡ ಬೇಕಾದರೆ ಇಟ್ಟುಕೊಳ್ಳಬಹುದು, ಬೇಡವಾದರೆ ಮಾರಬಹುದು. ಆಟಗಾರನ ಮುಂದೆ ಇದ್ದಿದ್ದು ಎರಡೇ ದಾರಿ. ಕೊಟ್ಟಷ್ಟಕ್ಕೆ ಆಡುವುದು, ಇಲ್ಲವೇ ಮನೆಯಲ್ಲಿ ಕೂರುವುದು.

1969ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಅವರು ಸೇಂಟ್ ಲೂಯಿಸ್‌ನಲ್ಲಿ 12 ವರ್ಷ ಆಡಿದ್ದರು. ಫ್ಲಡ್ ಹೋಗಲ್ಲ ಅಂದರು. ತಾನು ಕೊಂಡು ಮಾರುವ ವಸ್ತು ಅಲ್ಲ ಅಂತ ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದರು. ಫಿಲಡೆಲ್ಫಿಯಾ ಕೊಡಲು ಸಿದ್ಧವಿದ್ದ ವರ್ಷಕ್ಕೆ ಒಂದು ಲಕ್ಷ ಡಾಲರ್ ಬಿಟ್ಟರು. 1970ರ ಇಡೀ ಸೀಸನ್ ಬಿಟ್ಟರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1972ರಲ್ಲಿ 5-3ರಿಂದ ಸೋತರು. 1971ರಲ್ಲಿ ವಾಷಿಂಗ್ಟನ್ ಪರ 13 ಪಂದ್ಯ ಆಡಿದ್ದು ಬಿಟ್ಟರೆ ಅವರ ಆಟ ಅಲ್ಲಿಗೆ ಮುಗಿಯಿತು.

ಆದರೆ ಬಾಗಿಲು ಅಲ್ಲಾಡಿತ್ತು. 1975ರ ಡಿಸೆಂಬರ್ 23ರಂದು ಪೀಟರ್ ಸೈಟ್ಸ್ ಅನ್ನುವ ಮಧ್ಯಸ್ಥಗಾರರು ತೀರ್ಪು ಕೊಟ್ಟರು. ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಒಪ್ಪಂದಕ್ಕೆ ಸಹಿ ಹಾಕದೆ ಒಂದು ವರ್ಷ ಕಳೆದಿದ್ದಾರೆ, ಹಾಗಾಗಿ ಅವರು ಸ್ವತಂತ್ರರು ಅಂತ. ಆಟಗಾರರ ಸಂಘ ಮಾರ್ವಿನ್ ಮಿಲ್ಲರ್ ಅವರ ಕೈಯಲ್ಲಿತ್ತು. ಸಂಘ ಆ ತೀರ್ಪನ್ನು ಹಿಡಿದುಕೊಂಡು ಚೌಕಾಸಿ ಮಾಡಿತು. ಇವತ್ತಿನ ಆರು ವರ್ಷದ ನಿಯಮ ಬಂದಿದ್ದು ಅಲ್ಲಿಂದ.

ಮಾಲೀಕರು ಸುಮ್ಮನೆ ಒಪ್ಪಲಿಲ್ಲ. 1980ರ ದಶಕದಲ್ಲಿ ಬೇರೆ ತಂಡದ ಫ್ರೀ ಏಜೆಂಟ್‌ಗಳನ್ನು ಯಾರೂ ಕೊಳ್ಳಬಾರದು ಅಂತ ಒಳಗೊಳಗೇ ಮಾತಾಡಿಕೊಂಡರು. ಅದು ಸಾಬೀತಾಗಿ, 1990ರಲ್ಲಿ 28 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು.

ಒಬ್ಬನಿಗೆ ಇಷ್ಟು ದುಡ್ಡು ಕೊಡುವುದು ಅನ್ಯಾಯ ಅಲ್ವಾ?

ಡಾಕ್ಟರ್, ಟೀಚರ್ ಸಂಬಳದ ಜೊತೆ ಹೋಲಿಸಿದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಸೋಟೋಗೆ ಕೊಡದಿದ್ದರೆ ಆ ದುಡ್ಡು ಟೀಚರ್‌ಗೆ ಹೋಗುವುದಿಲ್ಲ, ಮಾಲೀಕರ ಜೇಬಿಗೆ ಹೋಗುತ್ತದೆ. ಜನ ಟಿಕೆಟ್ ಕೊಳ್ಳುತ್ತಾರೆ, ಟಿವಿ ಚಾನೆಲ್‌ಗಳು ಹಕ್ಕಿಗೆ ದುಡ್ಡು ಸುರಿಯುತ್ತವೆ. ಅದರಲ್ಲಿ ಆಡುವವನ ಪಾಲೆಷ್ಟು, ಮಾಲೀಕನ ಪಾಲೆಷ್ಟು ಅನ್ನುವುದಷ್ಟೇ ಇಲ್ಲಿರುವ ಪ್ರಶ್ನೆ. ಜನ ನೋಡಲು ಬರುವುದು ಆಡುವವನನ್ನು. ನಾನು ಅವನ ಕಡೆ.

ಇದರಿಂದ ಟಿಕೆಟ್ ಬೆಲೆ ಏರುವುದಿಲ್ಲವಾ?

ಟಿಕೆಟ್ ಬೆಲೆ ನಿಂತಿರುವುದು ಎಷ್ಟು ಜನಕ್ಕೆ ಬೇಕು ಅನ್ನುವುದರ ಮೇಲೆ. ಸಂಬಳ ಕಡಿಮೆ ಮಾಡಿದ ತಂಡ ಆ ಉಳಿತಾಯವನ್ನು ಟಿಕೆಟ್‌ನಲ್ಲಿ ವಾಪಸ್ ಕೊಡುವುದಿಲ್ಲ. ಗೆಲ್ಲುವ ತಂಡಕ್ಕೆ ಬೇಡಿಕೆ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ನಮ್ಮ ಮನೆಯಲ್ಲಿ ನಾಲ್ಕು ಜನ. ಮೆಟ್ಸ್‌ನ ಮೈದಾನ ಸಿಟಿ ಫೀಲ್ಡ್‌ಗೆ ಹೋಗುವುದಾದರೆ ವಾರದ ನಡುವಿನ ರಾತ್ರಿ ಪಂದ್ಯ ನೋಡಿ, ಮೇಲಿನ ಗ್ಯಾಲರಿಯ ಸೀಟು ತೆಗೆದುಕೊಂಡು, 7ನೇ ನಂಬರ್ ರೈಲಿನಲ್ಲಿ ಹೋಗುತ್ತೇವೆ. ಪಾರ್ಕಿಂಗ್ ದುಡ್ಡು ಉಳಿಯುತ್ತದೆ.

ಯಾಂಕೀಸ್ ಅವನನ್ನು ಯಾಕೆ ಉಳಿಸಿಕೊಳ್ಳಲಿಲ್ಲ? ಅವರ ಹತ್ತಿರ ದುಡ್ಡಿಲ್ಲವಾ?

ದುಡ್ಡಿತ್ತು, ಕೊಡುತ್ತೇವೆ ಅಂತಲೂ ಅಂದರು. ಅವರದು 16 ವರ್ಷಕ್ಕೆ 76 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಮೆಟ್ಸ್ ಕೊಟ್ಟಿದ್ದು ಒಟ್ಟಿಗೆ 50 ಲಕ್ಷ ಜಾಸ್ತಿ, ವರ್ಷವೂ ಒಂದು ಕಡಿಮೆ. ಸೋಟೋ ಯಾಂಕೀಸ್‌ನಲ್ಲಿ ಆಡಿದ್ದು 2024 ಒಂದೇ ವರ್ಷ. ಆ ವರ್ಷ 41 ಹೋಮ್‌ರನ್ ಹೊಡೆದು ತಂಡವನ್ನು ವರ್ಲ್ಡ್ ಸೀರೀಸ್‌ವರೆಗೆ ಕರೆದುಕೊಂಡು ಹೋಗಿದ್ದ. ಅದಕ್ಕೇ ಅವರಿಗೆ ಅಷ್ಟು ನೋವು. 2025ರ ಮೇನಲ್ಲಿ ಮೆಟ್ಸ್ ಬಟ್ಟೆ ಹಾಕಿಕೊಂಡು ಯಾಂಕೀ ಸ್ಟೇಡಿಯಂಗೆ ಹೋದಾಗ ಬಲಗಡೆ ಗ್ಯಾಲರಿಯವರು ಅವನಿಗೆ ಬೆನ್ನು ತಿರುಗಿಸಿ ನಿಂತರು.

ಯಾಂಕೀಸ್ ಆ ದುಡ್ಡನ್ನು ಹಂಚಿ ಖರ್ಚು ಮಾಡಿದರು. ಪಿಚರ್ ಮ್ಯಾಕ್ಸ್ ಫ್ರೀಡ್‌ಗೆ ಎಂಟು ವರ್ಷಕ್ಕೆ 21.8 ಕೋಟಿ ಕೊಟ್ಟರು, ಕೋಡಿ ಬೆಲಿಂಜರ್‌ನನ್ನು ತಂದರು, ಪಾಲ್ ಗೋಲ್ಡ್‌ಸ್ಮಿತ್‌ನನ್ನು ಒಂದು ವರ್ಷಕ್ಕೆ ತೆಗೆದುಕೊಂಡರು. 2025ರಲ್ಲಿ 94 ಪಂದ್ಯ ಗೆದ್ದರು. ಮೆಟ್ಸ್ ಗೆದ್ದಿದ್ದು 83. ನನ್ನ ಯಾಂಕೀಸ್ ಗೆಳೆಯರು ಈ ಲೆಕ್ಕವನ್ನು ತಿಂಗಳಿಗೊಂದು ಸಲ ಹೇಳುತ್ತಾರೆ. ಅದರಲ್ಲಿ ಸತ್ಯ ಇದೆ, ಒಪ್ಪುತ್ತೇನೆ.

15 ವರ್ಷ ಯಾಕೆ? 40 ದಾಟಿದವನು ಏನು ಆಡುತ್ತಾನೆ?

ಒಪ್ಪಂದ 2039ರವರೆಗೆ ಇದೆ. ಆ ಸೀಸನ್ ಮುಗಿಯುವ ಹೊತ್ತಿಗೆ ಅವನಿಗೆ 41. ಕೊನೆಯ ನಾಲ್ಕೈದು ವರ್ಷ ಅವನ ಆಟ ಆ ಬೆಲೆಗೆ ತೂಗುವುದಿಲ್ಲ ಅಂತ ಮೆಟ್ಸ್‌ಗೂ ಗೊತ್ತಿದೆ. ಅವರು ಕೊಳ್ಳುತ್ತಿರುವುದು 26ರಿಂದ 34ರವರೆಗಿನ ಸೋಟೋನನ್ನು. ಕೊನೆಯ ವರ್ಷಗಳು ಅದಕ್ಕೆ ಕೊಡುವ ಕಂತು, ಅಷ್ಟೇ.

ಅವನ ವಯಸ್ಸೇ ಇಲ್ಲಿ ದೊಡ್ಡ ವಿಷಯ. ಹೆಚ್ಚಿನ ಸ್ಟಾರ್‌ಗಳು ಮಾರುಕಟ್ಟೆಗೆ ಬರುವುದು 30ರ ಆಸುಪಾಸಿನಲ್ಲಿ. ಏಂಜಲ್ಸ್ ತಂಡ 2011ರ ಡಿಸೆಂಬರ್‌ನಲ್ಲಿ ಆಲ್ಬರ್ಟ್ ಪುಹೋಲ್ಸ್‌ಗೆ ಹತ್ತು ವರ್ಷಕ್ಕೆ 24 ಕೋಟಿ ಕೊಟ್ಟಾಗ ಅವರಿಗೆ 31. ಅವರ ಅತ್ಯುತ್ತಮ ವರ್ಷಗಳು ಆಗಲೇ ಸೇಂಟ್ ಲೂಯಿಸ್‌ನಲ್ಲಿ ಮುಗಿದಿದ್ದವು. ಸೋಟೋ 26ಕ್ಕೇ ಬಂದ. 2022ರಲ್ಲಿ ನ್ಯಾಷನಲ್ಸ್ 15 ವರ್ಷಕ್ಕೆ 44 ಕೋಟಿ ಕೊಡುತ್ತೇವೆ ಅಂದಾಗ ಬೇಡ ಅಂದಿದ್ದ. ಆಗ ಎಷ್ಟು ಜನ ಬೈದರು! ಎರಡೂವರೆ ವರ್ಷದಲ್ಲಿ 32.5 ಕೋಟಿ ಜಾಸ್ತಿ ಬಂತು.

ಲಗ್ಜುರಿ ಟ್ಯಾಕ್ಸ್ ಹೇಗೆ ಲೆಕ್ಕ ಹಾಕುತ್ತಾರೆ?

ಸಂಬಳಕ್ಕೆ ಮಿತಿ ಇಲ್ಲ, ಆದರೆ ಒಂದು ಗೆರೆ ದಾಟಿದರೆ ದಂಡ ಇದೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಮೊದಲ ಸಲ ದಾಟಿದವರಿಗೆ ದಾಟಿದ ಮೊತ್ತದ ಮೇಲೆ 20 ಪರ್ಸೆಂಟ್. ಸತತ ಎರಡನೇ ವರ್ಷ 30. ಮೂರನೇ ವರ್ಷದಿಂದ 50. ಅದರ ಮೇಲೆ, ಎಷ್ಟು ದೂರ ದಾಟಿದಿರಿ ಅನ್ನುವುದಕ್ಕೆ ಹೆಚ್ಚುವರಿ ದರ. ಗೆರೆಯಿಂದ 6 ಕೋಟಿಗಿಂತ ಆಚೆ ಹೋದರೆ ಇನ್ನೂ 60 ಪರ್ಸೆಂಟ್ ಸೇರುತ್ತದೆ. ಈ ಕೊನೆಯ ಮೆಟ್ಟಿಲನ್ನು ಜನ ಕೋಹೆನ್ ಟ್ಯಾಕ್ಸ್ ಅಂತಲೇ ಕರೆಯುತ್ತಾರೆ. ಸ್ಟೀವ್ ಕೋಹೆನ್ ಮೆಟ್ಸ್ ಮಾಲೀಕರು. 2020ರಲ್ಲಿ ಸುಮಾರು 240 ಕೋಟಿ ಡಾಲರ್ ಕೊಟ್ಟು ತಂಡ ಕೊಂಡವರು.

ಹಾಗಾದರೆ ಪದೇ ಪದೇ ಗೆರೆ ದಾಟುವ ಮೆಟ್ಸ್‌ಗೆ ಮೇಲಿನ ಮೆಟ್ಟಿಲಿನಲ್ಲಿ ದರ 50 ಮತ್ತು 60 ಸೇರಿ 110 ಪರ್ಸೆಂಟ್. ಒಂದು ಡಾಲರ್ ಸಂಬಳ ಕೊಟ್ಟರೆ ಒಂದು ಡಾಲರ್ ಹತ್ತು ಸೆಂಟ್ ದಂಡ. 2025ರಲ್ಲಿ ಮೆಟ್ಸ್ ಕಟ್ಟಿದ್ದು ಸುಮಾರು 9.16 ಕೋಟಿ ಡಾಲರ್. ಸೋಟೋನ ವರ್ಷದ 5.1 ಕೋಟಿಯನ್ನು ತೆಗೆದು ನಾನೇ ಮತ್ತೆ ಲೆಕ್ಕ ಹಾಕಿ ನೋಡಿದೆ. ದಂಡ 3.6 ಕೋಟಿಯ ಸುತ್ತಮುತ್ತ ಬರುತ್ತದೆ. ಅಂದರೆ ಆ ವರ್ಷ ಸೋಟೋಗೋಸ್ಕರ ಹೋಗಿದ್ದು 5.1 ಕೋಟಿಯ ಜಾಗದಲ್ಲಿ 10 ಕೋಟಿಗಿಂತ ಜಾಸ್ತಿ.

ದುಡ್ಡಿನ ಜೊತೆ ಬೇರೆ ಪೆಟ್ಟೂ ಇದೆ. ಗೆರೆಯಿಂದ 4 ಕೋಟಿಗಿಂತ ಆಚೆ ಹೋದ ತಂಡದ ಮೊದಲ ಡ್ರಾಫ್ಟ್ ಆಯ್ಕೆ ಹತ್ತು ಜಾಗ ಹಿಂದೆ ಹೋಗುತ್ತದೆ. ಕಾಲೇಜಿನಿಂದ, ಹೈಸ್ಕೂಲಿನಿಂದ ಹೊಸ ಹುಡುಗರನ್ನು ಆರಿಸುವಾಗ ಇದು ನೋವು ಕೊಡುತ್ತದೆ. ನನಗೆ ದಂಡಕ್ಕಿಂತ ಇದೇ ಚಿಂತೆ. ಕೋಹೆನ್ ಅವರ ದುಡ್ಡು ನನ್ನದಲ್ಲ. ಮುಂದಿನ ಐದು ವರ್ಷದ ಹುಡುಗರು ನನ್ನ ತಂಡದವರು.

ಓಟಾನಿ ವರ್ಷಕ್ಕೆ 20 ಲಕ್ಷಕ್ಕೆ ಆಡುತ್ತಾನೆ ಅಂತಾರೆ. ಅದು ಮೋಸ ಅಲ್ವಾ?

ನಿಯಮದ ಒಳಗೇ ಇದೆ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ಶೋಹೇ ಓಟಾನಿ ಹತ್ತು ವರ್ಷಕ್ಕೆ 70 ಕೋಟಿಗೆ ಸಹಿ ಹಾಕಿದ. ಅದರಲ್ಲಿ 68 ಕೋಟಿ ಆಮೇಲೆ ಸಿಗುತ್ತದೆ. ಆಡುವಾಗ ವರ್ಷಕ್ಕೆ 20 ಲಕ್ಷ. 2034ರಿಂದ 2043ರವರೆಗೆ ವರ್ಷಕ್ಕೆ 6.8 ಕೋಟಿ, ಬಡ್ಡಿ ಇಲ್ಲದೆ. ಇಪ್ಪತ್ತು ವರ್ಷ ಆದಮೇಲೆ ಸಿಗುವ ದುಡ್ಡಿಗೆ ಇವತ್ತಿನ ಬೆಲೆ ಕಡಿಮೆ ಅಲ್ವಾ? ಚೀಟಿ ಹಾಕಿದವರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಟ್ಯಾಕ್ಸ್ ಲೆಕ್ಕದಲ್ಲಿ ವರ್ಷಕ್ಕೆ 7 ಕೋಟಿ ಬದಲು ಸುಮಾರು 4.6 ಕೋಟಿ ಅಂತ ಹಿಡಿಯುತ್ತಾರೆ. ಹಾಗೆ ನೋಡಿದರೆ ಇವತ್ತಿನ ಬೆಲೆಯಲ್ಲಿ ಸೋಟೋನ ಒಪ್ಪಂದವೇ ದೊಡ್ಡದು.

ತಳ್ಳಿದ ದುಡ್ಡಿನ ಮಾತು ಬಂದರೆ ಮೆಟ್ಸ್‌ನವರಿಗೆ ಬಾಬಿ ಬೋನಿಯಾ ನೆನಪಾಗದೆ ಇರುವುದಿಲ್ಲ. 2000ದಲ್ಲಿ ತಂಡ ಅವರಿಗೆ 59 ಲಕ್ಷ ಬಾಕಿ ಕೊಡಬೇಕಿತ್ತು. ಆಗ ಕೊಡುವ ಬದಲು 8 ಪರ್ಸೆಂಟ್ ಬಡ್ಡಿ ಸೇರಿಸಿ ಆಮೇಲೆ ಕೊಡುತ್ತೇವೆ ಅಂದರು. 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11.9 ಲಕ್ಷ ಡಾಲರ್ ಹೋಗುತ್ತದೆ.

ದುಡ್ಡು ಸುರಿದರೆ ಕಪ್ ಬರುತ್ತದಾ?

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ. ನನ್ನ ಉತ್ತರ ಹೀಗಿದೆ: ದುಡ್ಡು ಅವಕಾಶ ಕೊಳ್ಳುತ್ತದೆ. ತಪ್ಪು ಮಾಡಿದರೆ ಸುಧಾರಿಸಿಕೊಳ್ಳುವ ಶಕ್ತಿ ಕೊಳ್ಳುತ್ತದೆ. ಒಬ್ಬ ಸ್ಟಾರ್ ಮಾತ್ರ ಕಪ್ ತರುವುದಿಲ್ಲ.

ಯಾಕೆ ಅಂತ ಕ್ರಿಕೆಟ್ ಜೊತೆ ಇಟ್ಟು ನೋಡಿ. ಕೊಹ್ಲಿ ನಿಂತರೆ 20 ಓವರ್ ಪೂರ್ತಿ ಆಡಬಹುದು. ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲ. ಒಂಬತ್ತು ಜನ ಸರದಿ ಪ್ರಕಾರವೇ ಬರಬೇಕು. ಪ್ರಪಂಚದ ಅತ್ಯುತ್ತಮ ಬ್ಯಾಟರ್‌ಗೂ ಒಂದು ಪಂದ್ಯದಲ್ಲಿ ನಾಲ್ಕೈದು ಸಲವೇ ಬ್ಯಾಟ್ ಸಿಗುತ್ತದೆ. ಮಿಕ್ಕ ಎಂಟು ಜನ ಏನು ಮಾಡುತ್ತಾರೆ, ಪಿಚರ್ ಎಷ್ಟು ರನ್ ಕೊಡುತ್ತಾನೆ ಅನ್ನುವುದು ಅವನ ಕೈಯಲ್ಲಿ ಇರುವುದಿಲ್ಲ.

ಉದಾಹರಣೆಗಳು ಬೇಕಾದಷ್ಟಿವೆ. ಟೆಕ್ಸಸ್ ರೇಂಜರ್ಸ್ 2000ದ ಕೊನೆಯಲ್ಲಿ ಅಲೆಕ್ಸ್ ರಾಡ್ರಿಗಸ್‌ಗೆ 25.2 ಕೋಟಿ ಕೊಟ್ಟಿತು. ಅವನು ಅದ್ಭುತವಾಗಿ ಆಡಿದ. ತಂಡ ಮೂರು ವರ್ಷವೂ ತನ್ನ ಗುಂಪಿನ ಕೊನೆಯಲ್ಲೇ ಉಳಿಯಿತು. ಏಂಜಲ್ಸ್ ಹತ್ತಿರ ಮೈಕ್ ಟ್ರೌಟ್ ಮತ್ತು ಓಟಾನಿ ಇಬ್ಬರೂ ಆರು ಸೀಸನ್ ಒಟ್ಟಿಗೆ ಇದ್ದರು. ಅಷ್ಟೂ ವರ್ಷದಲ್ಲಿ ಒಂದು ಸಲವೂ ಪ್ಲೇಆಫ್ ಸೇರಲಿಲ್ಲ. ನಮ್ಮ ಮೆಟ್ಸ್ 2023ರಲ್ಲಿ ಶೆರ್ಜರ್ ಮತ್ತು ವರ್ಲ್ಯಾಂಡರ್ ಅನ್ನುವ ಇಬ್ಬರು ಹಿರಿಯ ಪಿಚರ್‌ಗಳಿಗೆ ವರ್ಷಕ್ಕೆ ತಲಾ 4.33 ಕೋಟಿ ಕೊಡುತ್ತಿತ್ತು. 75 ಗೆದ್ದು 87 ಸೋತಿತು. ಸೀಸನ್ ಮುಗಿಯುವ ಮೊದಲೇ ಇಬ್ಬರನ್ನೂ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು.

ಇನ್ನೊಂದು ಕಡೆ ಡಾಡ್ಜರ್ಸ್. 2024ರಲ್ಲಿ ಗೆದ್ದರು, 2025ರಲ್ಲಿ 16.9 ಕೋಟಿ ದಂಡ ಕಟ್ಟಿ ಮತ್ತೆ ಗೆದ್ದರು. ಹಾಗಾದರೆ ದುಡ್ಡೇ ಗೆಲ್ಲಿಸಿತಾ? 2025ರ ನವೆಂಬರ್ 1, ಟೊರಾಂಟೋದಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಪಂದ್ಯ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ ಒಂದು ರನ್ ಹಿಂದೆ. ಆಗ ಹೋಮ್‌ರನ್ ಹೊಡೆದು ಸಮ ಮಾಡಿದ್ದು ಮಿಗೆಲ್ ರೋಹಾಸ್. 36 ವರ್ಷ, ಸಂಬಳ 50 ಲಕ್ಷ, ಹೆಸರಾಗಿದ್ದು ಬ್ಯಾಟಿಂಗ್‌ಗಿಂತ ಫೀಲ್ಡಿಂಗ್‌ಗೆ. ಆಮೇಲೆ ಯೋಶಿನೊಬು ಯಾಮಾಮೋಟೋ ಬಂದ. ಅವನ ಒಪ್ಪಂದ 12 ವರ್ಷಕ್ಕೆ 32.5 ಕೋಟಿ. ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದಿದ್ದ. ಮತ್ತೆ ಬಂದು 11ನೇ ಇನ್ನಿಂಗ್ಸ್‌ವರೆಗೆ ಎಸೆದು ಪಂದ್ಯ ಮುಗಿಸಿದ. ರೋಹಾಸ್ ಇಲ್ಲದಿದ್ದರೆ ಯಾಮಾಮೋಟೋಗೆ ಮುಗಿಸಲು ಪಂದ್ಯವೇ ಇರುತ್ತಿರಲಿಲ್ಲ. ಡಾಡ್ಜರ್ಸ್ ಖರ್ಚು ಮಾಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ರೋಹಾಸ್‌ನಂಥವರನ್ನು ಬೆಂಚಿನಲ್ಲಿ ಇಟ್ಟುಕೊಂಡಿರುವುದನ್ನು ನಾವು ಗಮನಿಸುವುದು ಕಡಿಮೆ.

2025ರಲ್ಲಿ ಮೆಟ್ಸ್‌ಗೆ ಏನಾಯಿತು? ಸೋಟೋ ಕೈಕೊಟ್ಟನಾ?

ಇಲ್ಲ, ಇಲ್ಲ. ಏಪ್ರಿಲ್, ಮೇನಲ್ಲಿ ಸ್ವಲ್ಪ ನಿಧಾನ ಆಯಿತು. ಆಮೇಲೆ ಅವನು ಹಿಂತಿರುಗಿ ನೋಡಲಿಲ್ಲ. 43 ಹೋಮ್‌ರನ್ ಜೊತೆ 38 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆ ಇರುವಾಗಲೇ ಮುಂದಿನ ಬೇಸಿಗೆ ಓಡಿದ. ಅಷ್ಟು ವೇಗ ಅವನಲ್ಲಿದೆ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ.

ಜೂನ್ 12ರ ರಾತ್ರಿ ಮೆಟ್ಸ್ 45 ಗೆದ್ದು 24 ಸೋತಿತ್ತು. ಇಡೀ ಲೀಗ್‌ನಲ್ಲೇ ಮುಂದೆ. ಅದೇ ಪಂದ್ಯದಲ್ಲಿ ಪಿಚರ್ ಕೊಡೈ ಸೆಂಗಾ ಮೊದಲ ಬೇಸಿಗೆ ಓಡಿ ಬಂದು, ಎತ್ತರಕ್ಕೆ ಬಂದ ಚೆಂಡು ಹಿಡಿಯಲು ಹಾರಿದ. ತೊಡೆಯ ಸ್ನಾಯು ಹಿಡಿದುಕೊಂಡಿತು. ಅಲ್ಲಿಂದ ಒಬ್ಬೊಬ್ಬರೇ ಪಿಚರ್ ಕುಸಿದರು. ಪಂದ್ಯ ಶುರು ಮಾಡುವವರು ಐದು ಇನ್ನಿಂಗ್ಸ್ ದಾಟಿಸಲು ಒದ್ದಾಡುತ್ತಿದ್ದರು. ಉಳಿದ 93ರಲ್ಲಿ 38 ಮಾತ್ರ ಗೆದ್ದರು.

ಕೊನೆಯ ದಿನ, ಸೆಪ್ಟೆಂಬರ್ 28. ಮಯಾಮಿಯಲ್ಲಿ ಗೆದ್ದಿದ್ದರೆ ಪ್ಲೇಆಫ್ ಸಿಗುತ್ತಿತ್ತು, ಯಾಕೆಂದರೆ ಅತ್ತ ಸಿನ್ಸಿನಾಟಿ ಸೋತಿತು. ನಾನು ಮಗ ಒಂದು ಫೋನಿನಲ್ಲಿ ಆ ಪಂದ್ಯ, ಟಿವಿಯಲ್ಲಿ ಈ ಪಂದ್ಯ ಹಾಕಿಕೊಂಡು ಕೂತಿದ್ದೆವು. ಮೆಟ್ಸ್ 4-0 ಸೋತಿತು. ಎರಡೂ ತಂಡ 83 ಗೆಲುವು, ಆದರೆ ಪರಸ್ಪರ ಆಡಿದ ಪಂದ್ಯಗಳಲ್ಲಿ ಸಿನ್ಸಿನಾಟಿ ಮುಂದಿತ್ತು. ಅವರು ಹೋದರು, ನಾವು ಟಿವಿ ಆರಿಸಿದೆವು.

34 ಕೋಟಿ ಖರ್ಚು ಮಾಡಿ ಹೀಗಾಯಿತಲ್ಲ ಅಂತ ನನಗೂ ಸಂಕಟವಾಯಿತು. ಆದರೆ ಅದರಲ್ಲಿ ಪಿಚಿಂಗ್‌ಗೆ ಹೋದ ಪಾಲು ಸಾಕಾಗಲಿಲ್ಲ ಅನ್ನುವುದು ನನ್ನ ದೂರು. ಸೋಟೋನ ಪಾಲು ಹೆಚ್ಚಾಯಿತು ಅಂತ ನಾನು ಹೇಳಲಾರೆ.

ಪೀಟ್ ಅಲಾನ್ಸೋನನ್ನು ಕಳೆದುಕೊಂಡಿದ್ದು ಸೋಟೋ ಸಂಬಳದಿಂದಲಾ?

ಈ ಪ್ರಶ್ನೆಗೆ ಉತ್ತರ ಬರೆಯುವುದು ಕಷ್ಟ. ನನ್ನ ಮಗಳ ಕೋಣೆಯಲ್ಲಿ ಇವತ್ತಿಗೂ ಅವನ ಫೋಟೋ ಇದೆ. ಅಲಾನ್ಸೋ 2019ರಲ್ಲಿ ಮೊದಲ ವರ್ಷವೇ 53 ಹೋಮ್‌ರನ್ ಹೊಡೆದು ಹೊಸಬರ ದಾಖಲೆ ಮಾಡಿದವನು. 2025ರ ಆಗಸ್ಟ್‌ನಲ್ಲಿ ಡ್ಯಾರಿಲ್ ಸ್ಟ್ರಾಬೆರಿಯ 252 ದಾಟಿ ಮೆಟ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಹೋಮ್‌ರನ್ ಹೊಡೆದವನಾದ. ಆ ವರ್ಷ 162 ಪಂದ್ಯದಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಡಿಸೆಂಬರ್‌ನಲ್ಲಿ ಬಾಲ್ಟಿಮೋರ್ ಐದು ವರ್ಷಕ್ಕೆ 15.5 ಕೋಟಿ ಕೊಟ್ಟು ಕರೆದುಕೊಂಡಿತು. ಅದೇ ವಾರ ಮೆಟ್ಸ್‌ನ ಪಿಚರ್ ಎಡ್ವಿನ್ ಡಯಾಸ್ ಕೂಡ ಡಾಡ್ಜರ್ಸ್‌ಗೆ ಹೋದ.

ದುಡ್ಡಿಲ್ಲದೆ ಬಿಟ್ಟರು ಅಂತ ನಾನು ನಂಬುವುದಿಲ್ಲ. ತಂಡ ನಡೆಸುವ ಡೇವಿಡ್ ಸ್ಟರ್ನ್ಸ್ 30 ದಾಟಿದವರಿಗೆ ಉದ್ದನೆಯ ಒಪ್ಪಂದ ಕೊಡಲು ಹಿಂಜರಿಯುವವರು. ಅಲಾನ್ಸೋಗೆ ಆಗ 31. ಲೆಕ್ಕದ ಪುಸ್ತಕದಲ್ಲಿ ಅದು ಸರಿ ಇರಬಹುದು. ಆದರೆ ಜನ ಏಳು ವರ್ಷ ಒಬ್ಬನ ಹೆಸರಿನ ಬಟ್ಟೆ ಹಾಕಿಕೊಂಡು ಬಂದಿರುತ್ತಾರೆ. ಅದಕ್ಕೂ ಒಂದು ಬೆಲೆ ಇದೆ. ಅದನ್ನು ಕೊಡುವ ಶಕ್ತಿ ಈ ಮಾಲೀಕರಿಗಿತ್ತು. ಇಲ್ಲಿ ಮೆಟ್ಸ್ ತಪ್ಪು ಮಾಡಿತು ಅಂತಲೇ ನನ್ನ ಅಭಿಪ್ರಾಯ.

ಖರ್ಚು ಮಾಡದ ಮಾಲೀಕರೇ ಒಳ್ಳೆಯವರು ಅಂತೀರಾ?

ಖಂಡಿತ ಇಲ್ಲ. ನಾವು ಆ ಕಾಲವನ್ನೂ ನೋಡಿದ್ದೇವೆ. 2008ರಲ್ಲಿ ಬರ್ನಿ ಮೇಡಾಫ್ ಅನ್ನುವವನ ದೊಡ್ಡ ಹೂಡಿಕೆ ವಂಚನೆ ಬಯಲಾಯಿತು. ಮೆಟ್ಸ್‌ನ ಆಗಿನ ಮಾಲೀಕರ ದುಡ್ಡು ಅದರಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ವರ್ಷ ವರ್ಷ ಸಂಬಳದ ಪಟ್ಟಿ ಸಣ್ಣದಾಗುತ್ತಾ ಹೋಯಿತು. 2011ರಲ್ಲಿ ಹೊಸೆ ರೇಯಸ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದ. ಮೆಟ್ಸ್‌ನವನೊಬ್ಬ ಅದನ್ನು ಗೆದ್ದಿದ್ದು ಅದೇ ಮೊದಲು. ಅದೇ ಡಿಸೆಂಬರ್‌ನಲ್ಲಿ ಮಯಾಮಿಗೆ ಹೋಗಿಬಿಟ್ಟ. ಪ್ರಯತ್ನವೇ ಮಾಡದ ತಂಡವನ್ನು ಪ್ರೀತಿಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಓಕ್‌ಲ್ಯಾಂಡ್‌ನ ಜನರ ಕಥೆ ಇದಕ್ಕಿಂತ ನೋವಿನದು. 2023ರ ಜೂನ್ 13ರಂದು, ಖಾಲಿ ಹೊಡೆಯುತ್ತಿದ್ದ ಸ್ಟೇಡಿಯಂಗೆ 27,759 ಜನ ಬಂದರು. ತಂಡ ಮಾರಿ, ಊರು ಬಿಡಿಸಬೇಡಿ ಅಂತ ಕೂಗಲು ಬಂದರು. ಅವತ್ತು ತಂಡ ಗೆದ್ದಿತು ಕೂಡ. 2025ಕ್ಕೆ ತಂಡ ಊರಲ್ಲಿರಲಿಲ್ಲ. ಸ್ಯಾಕ್ರಮೆಂಟೋ ಪಕ್ಕದ ಸಣ್ಣ ಮೈದಾನದಲ್ಲಿ ಆಡುತ್ತಾ ಲಾಸ್ ವೇಗಸ್‌ಗೆ ಹೋಗುವ ದಾರಿಯಲ್ಲಿತ್ತು.

ಸಣ್ಣ ಊರಿನ ತಂಡಗಳು ಹೇಗೆ ಬದುಕಬೇಕು? ಸಂಬಳಕ್ಕೆ ಮಿತಿ ಹಾಕಿದರೆ ಆಗಲ್ವಾ?

ಮಿಲ್ವಾಕಿ ತಂಡ 2025ರಲ್ಲಿ 97 ಪಂದ್ಯ ಗೆದ್ದಿತು. ಲೀಗ್‌ನಲ್ಲೇ ಅತಿ ಹೆಚ್ಚು. ಚುರುಕಾಗಿ ಆಯ್ಕೆ ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಡಾಡ್ಜರ್ಸ್ ಅವರನ್ನು 4-0 ಸೋಲಿಸಿತು. ಕೊನೆಯ ಪಂದ್ಯದಲ್ಲಿ ಓಟಾನಿ ಒಬ್ಬನೇ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್‌ರನ್ ಹೊಡೆದ. ದೊಡ್ಡ ದುಡ್ಡಿನ ಎದುರು ಚುರುಕುತನಕ್ಕೆ ಎಲ್ಲಿ ಮಿತಿ ಬರುತ್ತದೆ ಅನ್ನುವುದೂ ಅಲ್ಲೇ ಕಾಣಿಸಿತು.

ಅಸಮಾನತೆಯ ಬೇರು ಟಿವಿ ಹಣದಲ್ಲಿದೆ. ಡಾಡ್ಜರ್ಸ್‌ಗೆ ಸ್ಥಳೀಯ ಟಿವಿಯಿಂದ 25 ವರ್ಷಕ್ಕೆ 835 ಕೋಟಿ ಡಾಲರ್ ಒಪ್ಪಂದವಿದೆ. ಅನೇಕ ಸಣ್ಣ ತಂಡಗಳ ಪಂದ್ಯ ತೋರಿಸುತ್ತಿದ್ದ ಕಂಪನಿ 2023ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಸ್ಥಳೀಯ ಆದಾಯದ 48 ಪರ್ಸೆಂಟ್ ಒಟ್ಟಿಗೆ ಹಾಕಿ 30 ತಂಡಗಳಿಗೆ ಹಂಚುತ್ತಾರೆ. ಆದರೆ ಹಂಚಿಕೆಯಲ್ಲಿ ಬಂದ ದುಡ್ಡನ್ನು ಆಟಗಾರರ ಮೇಲೆಯೇ ಖರ್ಚು ಮಾಡುತ್ತಾರಾ ಅನ್ನುವುದೇ ಜಗಳ.

ಅಮೆರಿಕದ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿಯಲ್ಲಿ ಸಂಬಳಕ್ಕೆ ಮಿತಿ ಇದೆ. ಬೇಸ್‌ಬಾಲ್ ಆಟಗಾರರ ಸಂಘ ಅದಕ್ಕೆ ಬಗ್ಗಿಲ್ಲ. 1994ರಲ್ಲಿ ಮಾಲೀಕರು ಅದನ್ನೇ ಹೇರಲು ಹೋದಾಗ ಆಗಸ್ಟ್ 12ಕ್ಕೆ ಆಟ ನಿಂತಿತು. ಆ ವರ್ಷ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ನನ್ನ ಮಟ್ಟಿಗೆ ಮೊದಲು ಕೆಳಗಿನ ಮಿತಿ ಬರಲಿ. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವಂತಿಲ್ಲ ಅಂತ ಪ್ರತಿ ಮಾಲೀಕರಿಗೂ ಹೇಳಲಿ. ಮೇಲಿನ ಮಿತಿಯ ಮಾತು ಆಮೇಲೆ. ಮಾಲೀಕರ ಮತ್ತು ಆಟಗಾರರ ಈಗಿನ ಒಪ್ಪಂದದ ಕೊನೆಯ ದಿನ 2026ರ ಡಿಸೆಂಬರ್ 1. ಹಿಂದಿನ ಸಲ ಒಪ್ಪಂದ ಮುಗಿದಾಗ ಮಾಲೀಕರು 99 ದಿನ ಬಾಗಿಲು ಹಾಕಿದ್ದರು.

ಸೋಟೋ ಔಟ್ ಆದರೆ ಬೂ ಅನ್ನಬಹುದಾ?

ಟಿಕೆಟ್ ನಿಮ್ಮದು. ನನ್ನ ಮಕ್ಕಳಿಗೆ ಮಾತ್ರ ಬೇಡ ಅಂತೀನಿ. 2006ರಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಮೆಟ್ಸ್‌ಗೆ 41 ಹೋಮ್‌ರನ್ ಹೊಡೆದಿದ್ದ. ಅವನದೂ ಏಳು ವರ್ಷಕ್ಕೆ 11.9 ಕೋಟಿಯ ದೊಡ್ಡ ಒಪ್ಪಂದ. ಆ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್‌ಗೆ ಮೊದಲಿನ ಸರಣಿಯ ಏಳನೇ ಪಂದ್ಯದ ಕೊನೆಯ ಇನ್ನಿಂಗ್ಸ್, ಮೂರೂ ಬೇಸ್ ತುಂಬಿತ್ತು. ಆಡಮ್ ವೇನ್‌ರೈಟ್ ಎಸೆದ ತಿರುವಿನ ಚೆಂಡನ್ನು ಅವನು ನೋಡುತ್ತಾ ನಿಂತುಬಿಟ್ಟ. ಔಟ್. ಅಷ್ಟು ವರ್ಷ ಅಷ್ಟು ಚೆನ್ನಾಗಿ ಆಡಿದವನನ್ನು ಜನ ಆ ಒಂದು ಚೆಂಡಿನಿಂದಲೇ ನೆನಪಿಟ್ಟುಕೊಂಡರು. ಆ ದುಡ್ಡಿಗೆ ಮೆಟ್ಸ್ ಕೊಂಡವರಲ್ಲಿ ಅವನಷ್ಟು ತೂಕದವರು ತೀರಾ ಕಡಿಮೆ.

2029ರಲ್ಲಿ ಸೋಟೋ ಬಿಟ್ಟು ಹೋಗಬಹುದಂತೆ, ಹೌದಾ?

ಹೌದು. 2029ರ ಸೀಸನ್ ಮುಗಿದ ಮೇಲೆ ಒಪ್ಪಂದದಿಂದ ಹೊರಬರುವ ಹಕ್ಕು ಅವನಿಗಿದೆ. ಆಗ ಅವನಿಗೆ 31. ಅದನ್ನು ತಡೆಯುವ ಹಕ್ಕು ಮೆಟ್ಸ್‌ಗೂ ಇದೆ. ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಡಾಲರ್ ಜಾಸ್ತಿ ಕೊಡುತ್ತೇವೆ ಅಂದರೆ ಅವನು ಉಳಿಯಬೇಕು. ಹಾಗೆ ಮಾಡಿದರೆ ಒಟ್ಟು ಮೊತ್ತ 80.5 ಕೋಟಿ ಡಾಲರ್ ಆಗುತ್ತದೆ.